ಮಕ್ಕಳಿಗೆ ಹಣ್ಣಿನ ಕಿಸೆಲ್: ಒಲೆ ಮೇಲೆ ಮಂದ, ಲೋಟದಲ್ಲಿ ನೀರು. ತಪ್ಪು ಎಲ್ಲಿ?

ಕೋಥ್ರೂಡ್ ಕನ್ನಡತಿ, ಪುಣೆ

ಕಿಸೆಲ್ ಮಾಡಿ ಗೊತ್ತಿರುವವರು ಸ್ವಲ್ಪ ಸಹಾಯ ಮಾಡಿ. ಹಣ್ಣು ಬೇಯಿಸಿ, ಸೋಸಿ, ಪಿಷ್ಟ ಹಾಕಿ ಮಂದ ಮಾಡಿ ಮಕ್ಕಳಿಗೆ ಕೊಡುವ ರಷ್ಯಾ ಕಡೆಯ ಪಾನೀಯ. ಮೂರು ಸಲ ಮಾಡಿದರೆ ಮೂರು ಥರ ಕೆಟ್ಟಿದೆ. ಅಳತೆ ಸಮೇತ ಬರೆಯುತ್ತೇನೆ.

ಮೊದಲನೆಯದು: ಮಹಾಬಳೇಶ್ವರದ ಸ್ಟ್ರಾಬೆರಿ 250 ಗ್ರಾಂ, ನೀರು ಅರ್ಧ ಲೀಟರ್, ಸಕ್ಕರೆ 4 ದೊಡ್ಡ ಚಮಚ, ಒಂದು ಪೂರ್ತಿ ನಿಂಬೆಹಣ್ಣಿನ ರಸ, ಕಾರ್ನ್‌ಫ್ಲೋರ್ 2 ದೊಡ್ಡ ಚಮಚ. ಎಲ್ಲ ಸೇರಿಸಿ ಹತ್ತು ಹನ್ನೆರಡು ನಿಮಿಷ ಕುದಿಸಿದ್ದು. ಒಲೆ ಮೇಲೆ ಚೆನ್ನಾಗಿ ಮಂದವಾಗಿತ್ತು. ಅರ್ಧ ಗಂಟೆ ಬಿಟ್ಟು ಲೋಟಕ್ಕೆ ಹಾಕಿದರೆ ಶರಬತ್ತಿನಷ್ಟು ತೆಳ್ಳಗೆ.

ಎರಡನೆಯದು: ಕಾರ್ನ್‌ಫ್ಲೋರ್ ಮುಗಿದಿತ್ತು. ಕಿರಾಣಿ ಅಂಗಡಿಯ ‘ಮಕ್ಯಾಚ ಪೀಠ’ 3 ಚಮಚ ಹಾಕಿದ್ದು. ಗಂಟು ಗಂಟು, ಹಸಿ ಹಿಟ್ಟಿನ ವಾಸನೆ, ನಾಲಿಗೆಗೆ ಮರಳು ಸಿಕ್ಕ ಹಾಗೆ.

ಮೂರನೆಯದು: ಮತ್ತೆ ಕಾರ್ನ್‌ಫ್ಲೋರ್. ತೆಳ್ಳಗಾಗಬಾರದು ಅಂತ ದೊಡ್ಡ ಚಮಚದಲ್ಲಿ ಗೋಪುರ ಬರುವಷ್ಟು ತುಂಬಿ 5 ಚಮಚ. ಫ್ರಿಜ್‌ನಿಂದ ತೆಗೆದಾಗ ಚಾಕುವಿನಿಂದ ಕತ್ತರಿಸುವ ಹಾಗಾಗಿತ್ತು.

ಕುಡಿಯುವ ಹದಕ್ಕೆ ಎಷ್ಟು, ಚಮಚದ ಹದಕ್ಕೆ ಎಷ್ಟು? ಆಲೂಗಡ್ಡೆ ಪಿಷ್ಟವೇ ಬೇಕಾ, ಆರಾರೂಟ್ ನಡೆಯುತ್ತಾ? ಸ್ಟ್ರಾಬೆರಿ ಇನ್ನು ಕೆಲವೇ ವಾರ, ಆಮೇಲೆ ಯಾವ ಹಣ್ಣು? ಕುಡಿಯುವವರಲ್ಲಿ ಒಬ್ಬನಿಗೆ ಐದು ವರ್ಷ, ಇನ್ನೊಬ್ಬಳಿಗೆ ಹದಿನಾಲ್ಕು ತಿಂಗಳು.

ಮಾಟುಂಗಾ ಒಲೆ, ಮುಂಬಯಿ

ಮೂರಕ್ಕೂ ಕಾರಣ ಬೇರೆ ಬೇರೆ ಉಂಟು. ಒಂದೊಂದಾಗಿ ನೋಡುವ.

ಸುಲಭದ್ದು ಮೊದಲು. ಎರಡನೆಯದರಲ್ಲಿ ನೀವು ಹಾಕಿದ್ದು ಪಿಷ್ಟವೇ ಅಲ್ಲ. ಮಕ್ಯಾಚ ಪೀಠ ಅಂದರೆ ಇಡೀ ಮೆಕ್ಕೆಜೋಳ ಬೀಸಿದ ಹಳದಿ ಹಿಟ್ಟು, ರೊಟ್ಟಿಗೆ ಬೇಕಾದದ್ದು. ಅದರಲ್ಲಿ ತೌಡು, ಎಣ್ಣೆ, ಪ್ರೋಟೀನ್ ಎಲ್ಲ ಇರ್ತದೆ. ಎಷ್ಟು ಬೇಯಿಸಿದರೂ ತರಿ ಹೋಗುವುದಿಲ್ಲ. ಕಾರ್ನ್‌ಫ್ಲೋರ್ ಅಂತ ನಮ್ಮಲ್ಲಿ ಮಾರುವುದು ಮೆಕ್ಕೆಜೋಳದಿಂದ ಬೇರ್ಪಡಿಸಿದ ಬರೀ ಪಿಷ್ಟ. ಬೆಳ್ಳಗೆ, ನುಣ್ಣಗೆ ಇರ್ತದೆ, ಬೆರಳಲ್ಲಿ ಒತ್ತಿದರೆ ‘ಕಿರ್’ ಅನ್ನುತ್ತದೆ. ಆ ಕಿರ್ ಇಲ್ಲದಿದ್ದರೆ ಕಿಸೆಲ್‌ಗೆ ಹಾಕಬೇಡಿ.

ಮೂರನೆಯದು ಬರೀ ಅಳತೆಯ ತಪ್ಪು. ಸಮತಟ್ಟಾದ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಸುಮಾರು 8 ಗ್ರಾಂ. ಗೋಪುರ ಕಟ್ಟಿದರೆ 13, 14 ಗ್ರಾಂ ಸಹ ಆಗ್ತದೆ. ಐದು ಚಮಚಕ್ಕೆ 65–70 ಗ್ರಾಂ ಬಿತ್ತು. ಅರ್ಧ ಲೀಟರಿಗೆ 42 ಗ್ರಾಂ ದಾಟಿದರೇ ಅಚ್ಚಿನಲ್ಲಿ ನಿಲ್ಲುವ ಪುಡಿಂಗ್ ಆಗ್ತದೆ. ಹಾಗಂತ ಚಾಕುವಿನಿಂದ ಕತ್ತರಿಸುವ ಕಿಸೆಲ್ ತಪ್ಪಲ್ಲ ಮಾರಾಯ್ರೆ. ಹಳೇ ಕಾಲದ ಕಿಸೆಲ್ ಹಾಗೇ ಇತ್ತು. ಓಟ್ಸ್ ನೆನೆಸಿ, ಹುಳಿ ಬರಿಸಿ, ಸೋಸಿ ಕಾಯಿಸುತ್ತಿದ್ದರು. ‘ಕಿಸ್ಲಿ’ ಅಂದರೆ ರಷ್ಯನ್ ಭಾಷೆಯಲ್ಲಿ ಹುಳಿ, ಹೆಸರು ಬಂದದ್ದೇ ಅಲ್ಲಿಂದ. ಅವರ ಜನಪದ ಕಥೆಗಳಲ್ಲಿ ಸಮೃದ್ಧಿಯ ಊರು ಅಂದರೆ ಹಾಲಿನ ಹೊಳೆ, ಕಿಸೆಲ್‌ನ ದಡ. ದಡವಾಗಿ ನಿಲ್ಲಬೇಕಾದರೆ ಎಷ್ಟು ಗಟ್ಟಿ ಇದ್ದಿರಬೇಕು ನೋಡಿ. ಹಣ್ಣಿನ ರಸಕ್ಕೆ ಆಲೂಗಡ್ಡೆ ಪಿಷ್ಟ ಹಾಕುವ ಈಗಿನ ಕಿಸೆಲ್ ಬಂದದ್ದು ಅಲ್ಲಿ ಆಲೂಗಡ್ಡೆ ಬೆಳೆ ಹಬ್ಬಿದ ಮೇಲೆ.

ಮೊದಲನೆಯದೇ ನಿಜವಾದ ಪ್ರಶ್ನೆ. ಪಿಷ್ಟದ ಕಣ ಬಿಸಿ ನೀರು ಹೀರಿ ಉಬ್ಬುತ್ತದೆ. ಉಬ್ಬಿದ ಕಣಗಳು ಒಂದಕ್ಕೊಂದು ಒತ್ತಿಕೊಂಡು ನಿಂತಾಗ ಪಾನೀಯ ಮಂದವಾಗ್ತದೆ. ಆ ಕಣ ಒಡೆದರೆ ಮತ್ತೆ ನೀರು. ಒಡೆಯುವುದು ಹೇಗೆ? ಹುಳಿ ಇರುವಲ್ಲಿ ತುಂಬ ಹೊತ್ತು ಕುದಿಸಿದರೆ ಒಡೆಯುತ್ತದೆ. ಜೋರಾಗಿ ಕಡೆದರೂ ಒಡೆಯುತ್ತದೆ. ನಿಮ್ಮಲ್ಲಿ ಸ್ಟ್ರಾಬೆರಿಯೇ ಹುಳಿ, ಮೇಲಿಂದ ಒಂದು ಇಡೀ ನಿಂಬೆ, ಆಮೇಲೆ ಹನ್ನೆರಡು ನಿಮಿಷದ ಕುದಿ. ಅಷ್ಟು ಸಾಕು. ಆದರೆ ಶರಬತ್ತಿನಷ್ಟು ತೆಳ್ಳಗಾಗಬೇಕಾದರೆ ಇನ್ನೊಂದು ಕಾರಣವೂ ಇರಬಹುದು ಅನಿಸ್ತದೆ. ಮಂದವಾದ ಮೇಲೆ ಹಣ್ಣಿನ ತುಂಡು ಹೋಗಲಿ ಅಂತ ಮಿಕ್ಸಿಗೆ ಹಾಕಿದ್ರಾ? ಜೇನು ಹಾಕಿದ್ರಾ?

ಕೋಥ್ರೂಡ್ ಕನ್ನಡತಿ

ಹೌದು, ಮಿಕ್ಸಿಗೆ ಹಾಕಿದ್ದು ನಿಜ! ಬರೆಯಲು ಮರೆತೆ. ಕೆಳಗಿಳಿಸಿ ಸ್ವಲ್ಪ ಆರಿದ ಮೇಲೆ ಒಂದು ನಿಮಿಷ ತಿರುಗಿಸಿದ್ದು. ಜೇನು ಹಾಕಿಲ್ಲ.

ಮಾಟುಂಗಾ ಒಲೆ

ಹಾಗಾದರೆ ಅದೇ. ಮಿಕ್ಸಿಯ ಬ್ಲೇಡು ಉಬ್ಬಿದ ಕಣಗಳನ್ನು ಹರಿದು ಹಾಕ್ತದೆ. ಕುದಿಯಿಂದ ಅರ್ಧ ಸೋತಿದ್ದ ಪಿಷ್ಟವನ್ನು ಮಿಕ್ಸಿ ಪೂರ್ತಿ ಮುಗಿಸಿತು. ಆಲೂಗಡ್ಡೆ ಪಿಷ್ಟ ಆಗಿದ್ದರೆ ಇನ್ನೂ ಬೇಗ ಹೋಗುತ್ತಿತ್ತು. ಅದರ ಕಣ ದೊಡ್ಡದು, ತುಂಬ ಉಬ್ಬುತ್ತದೆ, ಅಷ್ಟೇ ಸುಲಭದಲ್ಲಿ ಒಡೆಯುತ್ತದೆ. ಮಿಕ್ಸಿ, ಜರಡಿ, ಸೌಟಿನಿಂದ ಒತ್ತುವುದು ಎಲ್ಲ ಪಿಷ್ಟ ಹಾಕುವ ಮೊದಲು. ಪಿಷ್ಟ ಬಿದ್ದ ಮೇಲೆ ಮರದ ಸೌಟಿನಿಂದ ನಿಧಾನಕ್ಕೆ ತಿರುವುವುದು, ಅಷ್ಟೇ ಕೆಲಸ.

ಜೇನು ಕೇಳಿದ್ದಕ್ಕೆ ಕಾರಣ: ಕಾಯಿಸದ ಜೇನಿನಲ್ಲಿ ಪಿಷ್ಟ ಕರಗಿಸುವ ಕಿಣ್ವ ಇರ್ತದೆ. ನಮ್ಮ ಎಂಜಲಿನಲ್ಲಿ ಅದೇ ಜಾತಿಯ ಕಿಣ್ವ ಇನ್ನೂ ಜೋರಾಗಿ ಇರ್ತದೆ. ರುಚಿ ನೋಡಿದ ಚಮಚ ಮತ್ತೆ ಪಾತ್ರೆಗೆ ಹಾಕಿದರೆ ಕಿಸೆಲ್ ಸೋಲುವುದು ಅದಕ್ಕೇ.

ಅರ್ಧ ಲೀಟರ್ ಸೋಸಿದ ರಸಕ್ಕೆ ನನ್ನ ಲೆಕ್ಕ ಹೀಗೆ. ಕುಡಿಯುವ ಹದಕ್ಕೆ ಆಲೂಗಡ್ಡೆ ಪಿಷ್ಟ 16–18 ಗ್ರಾಂ, ಅಥವಾ ಕಾರ್ನ್‌ಫ್ಲೋರ್ 18–20 ಗ್ರಾಂ. ಚಮಚದ ಹದಕ್ಕೆ ಆಲೂಗಡ್ಡೆಯದು 24, ಕಾರ್ನ್‌ಫ್ಲೋರ್ 30. ಆರಾರೂಟ್ ಎರಡರ ನಡುವೆ. ಗ್ರಾಂ ತಕ್ಕಡಿ ಇಲ್ಲದಿದ್ದರೆ ದೊಡ್ಡ ಚಮಚ ತುಂಬಿ ಚಾಕುವಿನ ಬೆನ್ನಿನಿಂದ ಸಮ ಮಾಡಿ. ಕಾರ್ನ್‌ಫ್ಲೋರ್ ಚಮಚಕ್ಕೆ 8 ಗ್ರಾಂ, ಆಲೂಗಡ್ಡೆಯದು 10ರಿಂದ 12.

ಹಿಂಜವಡಿ ಹುಬ್ಬಳ್ಳಿ, ಪುಣೆ

ಮಾಟುಂಗಾದವರು ಹೇಳಿದ್ದು ಬರೋಬರಿ ಅದ, ಒಂದ ಮಾತು ಬಿಟ್ಟು. ಎಂಜಲಿನ ಕಿಣ್ವ ಹುಳಿಯೊಳಗ ಕೆಲಸ ಮಾಡೂದಿಲ್ರಿ. ಸ್ಟ್ರಾಬೆರಿಗೆ ನಿಂಬಿ ಹಿಂಡಿದ್ರ ಅಲ್ಲಿ ಎಂಜಲು ಚಮಚದಿಂದ ಪಿಷ್ಟಕ್ಕ ಅಷ್ಟೇನೂ ಆಗೂದಿಲ್ಲ, ಹುಳೀನ ಆ ಕಿಣ್ವಾನ ಮಲಗಿಸಿಬಿಡ್ತದ. ಹುಳಿ ಇಲ್ಲದ್ದು, ಅಂದ್ರ ಚಿಕ್ಕು, ಬಾಳೆಹಣ್ಣು, ಹಾಲಿನ ಕಿಸೆಲ್, ಅಲ್ಲಿ ಮಾತ್ರ ನೋಡ್ರಿ. ಎರಡು ವಾಟಿಯೊಳಗ ಹಾಲಿನ ಕಿಸೆಲ್ ಹಾಕಿ, ಒಂದರೊಳಗ ನೆಕ್ಕಿದ ಚಮಚ ಒಂದ ಸುತ್ತು ತಿರುವಿ ಇಡ್ರಿ. ಹತ್ತು ನಿಮಿಷಕ್ಕ ಅದರ ಅಂಚಿನೊಳಗ ನೀರು ಬಿಡ್ತದ, ನಡುವ ಚಮಚದ ಗುರುತು ನಿಲ್ಲೂದಿಲ್ಲ. ಇನ್ನೊಂದು ವಾಟಿ ಹೆಂಗಿತ್ತೋ ಹಂಗ ಇರ್ತದ. ಕೂಸು ಅರ್ಧ ತಿಂದು ಬಿಟ್ಟ ವಾಟಿ ಫ್ರಿಜ್‌ನ್ಯಾಗ ಇಟ್ಟು ಮತ್ತ ಕೊಡಬಾರದು ಅನ್ನೂದು ಇದಕ್ಕೂ ಸೇರಿ. ಹುಳಿ ಇರಲಿ ಬಿಡಲಿ, ಎಂಜಲಾದದ್ದು ಕೆಡೂದಂತೂ ಬೇಗ.

ಇನ್ನ ಮಾಡೂ ಕ್ರಮ. ಪಾತ್ರೆ ಸ್ಟೀಲಿಂದು, ತಳ ದಪ್ಪ ಇರಬೇಕು. ಅಲ್ಯೂಮಿನಿಯಂ ಬ್ಯಾಡ, ಕಬ್ಬಿಣ ಬ್ಯಾಡ, ಕಲಾಯಿ ಹೋದ ಹಿತ್ತಾಳಿ ಅಂತೂ ಬ್ಯಾಡೇ ಬ್ಯಾಡ. ಹುಳಿ ಲೋಹ ತಿಂತದ, ಬಣ್ಣ ಕಪ್ಪಡರತದ, ರುಚಿ ಕೆಡತದ.

250 ಗ್ರಾಂ ಸ್ಟ್ರಾಬೆರಿ ತೊಳದು ಆಮ್ಯಾಲ ತೊಟ್ಟು ತಗೀರಿ. ಮೊದಲ ತೊಟ್ಟು ತಗದು ತೊಳದ್ರ ಹಣ್ಣು ನೀರು ಕುಡೀತದ. ನಾಕು ಹೋಳು ಮಾಡಿ 400 ಮಿಲಿ ನೀರಿಗೆ ಹಾಕಿ, ಕುದಿ ಬಂದ ಮ್ಯಾಲ ಸಣ್ಣ ಉರಿಯೊಳಗ ಬರೇ ಮೂರ್ನಾಕು ನಿಮಿಷ. ಜಾಸ್ತಿ ಕುದಿಸಿದ್ರ ಕೆಂಪು ಬಣ್ಣ ಇಟ್ಟಂಗಿ ಬಣ್ಣಕ್ಕ ತಿರುಗತದ, ಘಮ ಆವಿ ಜೋಡಿ ಹೋಗತದ. ಇಳಿಸಿ ಜರಡಿಯೊಳಗ ಸೋಸ್ರಿ, ಚಮಚದ ಬೆನ್ನಿಲೆ ಒತ್ತಿ ತಿರುಳು ಇಳಿಸ್ರಿ. ರಸ ಅಳೀರಿ. 500 ಮಿಲಿಗೆ ಎಷ್ಟು ಕಡಿಮಿ ಬಂತೋ ಅಷ್ಟು ನೀರು ಸೇರಿಸ್ರಿ, ಆದ್ರ 60 ಮಿಲಿ ಪಿಷ್ಟ ಕಲಸಾಕ ಬಿಟ್ಟು. ಅಳೀದೇ ಪಿಷ್ಟ ಹಾಕಿದ್ರ ಮ್ಯಾಲಿನ ಎಲ್ಲಾ ಲೆಕ್ಕ ದಂಡ.

ಆ 60 ಮಿಲಿ ತಣ್ಣೀರಿನೊಳಗ 18 ಗ್ರಾಂ ಕಾರ್ನ್‌ಫ್ಲೋರ್ ಕಲಸಿಡ್ರಿ. ತಣ್ಣೀರು ಅಂದ್ರ ತಣ್ಣೀರ ಆಗಬೇಕು. ಬಿಸಿ ಇದ್ರ ಹೊರಗಿನ ಪದರು ಬೆಂದು ಒಳಗ ಒಣ ಹಿಟ್ಟು ಸಿಕ್ಕಿ ಗಂಟಾಗತದ. ಕಲಸಿ ಎರಡು ನಿಮಿಷ ಬಿಟ್ರ ಪಿಷ್ಟ ತಳಕ್ಕ ಸಿಮೆಂಟಿನ ಗತೆ ಕೂಡತದ. ಅದಕ ಹಾಕೂ ಮುಂದ ಮತ್ತೊಮ್ಮಿ ತಳಾ ಕೆರದು ತಿರುವ್ರಿ. ಭಾಳ ಮಂದಿ ಇಲ್ಲೇ ತಪ್ಪತಾರ. ಮ್ಯಾಲಿನ ತೆಳಿ ಪಾತ್ರೆಗೆ ಹೋಗತದ, ಹಿಟ್ಟು ವಾಟಿಯೊಳಗ ಉಳೀತದ, ಆಮ್ಯಾಲ ‘ಅಳತಿ ಸರಿ ಹಾಕಿದ್ದೆ, ಮಂದ ಆಗಲಿಲ್ಲ’ ಅಂತಾರ.

ರಸಕ್ಕ ಸಕ್ಕರಿ ಹಾಕಿ ಕುದಿಸಿ, ಉರಿ ಸಣ್ಣ ಮಾಡಿ, ಒಂದ ಕೈಲೆ ತಿರುವುತ್ತ ಇನ್ನೊಂದ ಕೈಲೆ ಪಾತ್ರೆ ಅಂಚಿಗೆ ಸಣ್ಣ ಧಾರಿಯಾಗಿ ಪಿಷ್ಟ ಬಿಡ್ರಿ. ಕಾರ್ನ್‌ಫ್ಲೋರ್ ಆದ್ರ ಮತ್ತ ಗುಳ್ಳಿ ಬಂದ ಮ್ಯಾಲ ಒಂದು, ಒಂದೂವರಿ ನಿಮಿಷ ಕುದಿಬೇಕು. ಅದು ಪೂರಾ ಅರಳಾಕ 95 ಡಿಗ್ರಿ ಹತ್ರ ಹೋಗಬೇಕು, ಇಲ್ಲಾಂದ್ರ ಹಸಿ ವಾಸನಿ ಉಳೀತದ. ಆಲೂಗಡ್ಡಿ ಪಿಷ್ಟ ಆದ್ರ ಹಂಗಲ್ಲ. ಅದು 60 ಡಿಗ್ರಿ ದಾಟಿದ ಕೂಡಲೇ ಉಬ್ಬಾಕ ಹತ್ತತದ, ಅಂಚಿನೊಳಗ ಮೊದಲನೇ ಗುಳ್ಳಿ ‘ಪುಸ್’ ಅಂದ್ರ ಒಲಿ ಬಂದ್ ಮಾಡ್ರಿ. ನಿಂಬಿ ಬೇಕೇ ಬೇಕಂದ್ರ ಇಳಿಸಿದ ಮ್ಯಾಲ ಒಂದು ಸಣ್ಣ ಚಮಚ. ಇಡೀ ಹಣ್ಣು ಯಾಕ ಬೇಕ್ರಿ ಸ್ಟ್ರಾಬೆರಿಗೆ?

ಬಿಸಿ ಇದ್ದಾಗ ಹದ ನೋಡಿ ನಿರ್ಧಾರ ಮಾಡಬ್ಯಾಡ್ರಿ. ಸ್ಟೀಲ್ ತಾಟು ಮೊದಲ ಫ್ರಿಜ್‌ನ್ಯಾಗ ಇಟ್ಟಿರ್ರಿ. ಅದರ ಮ್ಯಾಲ ಒಂದು ಚಮಚ ಸುರಿದು ಒಂದು ನಿಮಿಷ ಬಿಟ್ಟು ಬೆರಳಿಲೆ ಗೆರಿ ಎಳೀರಿ. ಗೆರಿ ನಿಧಾನಕ್ಕ ಮುಚ್ಚಿಕೊಂಡ್ರ ಕುಡಿಯೂ ಹದ. ಹಂಗೇ ನಿಂತ್ರ ಚಮಚದ ಹದ. ತಟ್ಟನೆ ಮುಚ್ಚಿದ್ರ ಇನ್ನೊಂದು ಸಣ್ಣ ಚಮಚ ಪಿಷ್ಟ ಎರಡು ಚಮಚ ತಣ್ಣೀರಿನೊಳಗ ಕಲಸಿ ಹಾಕಿ ಮತ್ತ ಒಂದು ಕುದಿ.

ಮಡಗಾಂವ್ ಪುನರ್ಪುಳಿ, ಗೋವಾ

ಆರಾರೂಟ್ ಬಗ್ಗೆ ಯಾರೂ ಬಿಡಿಸಿ ಹೇಳಿಲ್ಲ, ನಾನು ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಮಕ್ಕಳಿಗೆ ಗಂಜಿ ಮಾಡುವ ಕೂವೆ ಹುಡಿ ಇದೆಯಲ್ಲ, ಮಹಾರಾಷ್ಟ್ರದಲ್ಲಿ ತವಕೀರ್ ಅನ್ನುತ್ತಾರೆ. ಹುಳಿ ಹಣ್ಣಿನ ಕಿಸೆಲ್‌ಗೆ ಕಾರ್ನ್‌ಫ್ಲೋರ್‌ಗಿಂತ ಇದೇ ಒಳ್ಳೆಯದು. ಎರಡು ಕಾರಣ. ಒಂದು, ಗಾಜಿನ ಹಾಗೆ ತಿಳಿಯಾಗುತ್ತದೆ, ಹಣ್ಣಿನ ಬಣ್ಣ ಮುಚ್ಚುವುದಿಲ್ಲ. ಕಾರ್ನ್‌ಫ್ಲೋರ್ ಹಾಕಿದ್ದು ಯಾವಾಗಲೂ ಹಾಲು ಬೆರೆಸಿದ ಹಾಗೆ ಮಬ್ಬು. ಎರಡು, ಹಿಟ್ಟಿನ ರುಚಿ ಇಲ್ಲ. ಆದರೆ ಹಾಲಿಗೆ ಮಾತ್ರ ಆರಾರೂಟ್ ಬೇಡ. ಎಳೆ ಎಳೆಯಾಗಿ ಲೋಳೆ ಬರುತ್ತದೆ, ಮಕ್ಕಳು ಬಾಯಿಗೆ ಇಟ್ಟ ತಕ್ಷಣ ಉಗಿಯುತ್ತಾರೆ. ಹಾಲಿನ ಕಿಸೆಲ್‌ಗೆ ಕಾರ್ನ್‌ಫ್ಲೋರೇ ಸರಿ.

ಅಂಗಡಿಯ ಪೊಟ್ಟಣದಲ್ಲಿ ಆರಾರೂಟ್ ಅಂತ ಬರೆದಿದ್ದರೂ ಒಳಗೆ ಮರಗೆಣಸಿನ ಪಿಷ್ಟವೋ ಮೆಕ್ಕೆಜೋಳದ್ದೋ ಇರಬಹುದು. ಮನೆಯಲ್ಲೇ ನೋಡಬಹುದು. ಒಂದು ಚಮಚ ಹುಡಿಯನ್ನು ಒಂದು ಲೋಟ ನೀರಲ್ಲಿ ಕಲಸಿ ಕಾಯಿಸಿ, ಆರಲು ಬಿಡಿ. ಆರಿದ ಮೇಲೆ ಬೆಳ್ಳಗೆ ಮಬ್ಬಾಗಿ ನಿಂತರೆ ಅದರಲ್ಲಿ ಜೋಳದ್ದು ಇದೆ. ತಿಳಿಯಾಗಿದ್ದು ಗೋಂದಿನ ಹಾಗೆ ಉದ್ದ ಎಳೆ ಎಳೆದರೆ ಮರಗೆಣಸು. ಮರಗೆಣಸಿನದ್ದೂ ತಿನ್ನಲು ತೊಂದರೆಯಿಲ್ಲ, ಹದ ಮಾತ್ರ ಬೇರೆ. ಅಳತೆ ನೀವೇ ಹೊಂದಿಸಬೇಕು.

ಇನ್ನು ಸ್ಟ್ರಾಬೆರಿ ಮುಗಿದ ಮೇಲೆ ಯಾವ ಹಣ್ಣು ಅಂದರೆ, ಪಶ್ಚಿಮ ಕರಾವಳಿಯವರು ಚಿಂತೆ ಮಾಡಬೇಕಾಗಿಯೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಾಪ್ಸಾ ಶುಕ್ರವಾರದ ಸಂತೆಗೆ ಹೋದರೆ ಕವಳಿ ಹಣ್ಣು, ಹಸಿ ಪುನರ್ಪುಳಿ ಎರಡೂ ಸಿಗುತ್ತವೆ. ಕವಳಿಗೆ ಇಲ್ಲಿಯವರು ಕಾಂಟಾಂ ಅನ್ನುತ್ತಾರೆ, ನಿಮ್ಮ ಪುಣೆಯಲ್ಲಿ ಕರವಂದ. ಪುನರ್ಪುಳಿ ಅಂದರೆ ಕೋಕಂ, ಇಲ್ಲಿ ಅದಕ್ಕೆ ಭಿರಿಂಡ.

ಪುನರ್ಪುಳಿ ಕಿಸೆಲ್‌ಗೆ ಒಂದು ಎಚ್ಚರಿಕೆ. ಗೋವಾ, ಕೊಂಕಣದಲ್ಲಿ ಬಾಟಲಿಯಲ್ಲಿ ಸಿಗುವ ‘ಆಗಳ್’ ಉಪ್ಪು ಹಾಕಿದ ರಸ. ಊಟದ ಜೊತೆ ಕುಡಿಯುವ ಸೋಲ್‌ಕಢಿಗೆ ಅದು, ಸಿಹಿಗೆ ಅಲ್ಲ. ‘ಸೋಲ್’ ಅನ್ನುವ ಒಣಗಿಸಿದ ಸಿಪ್ಪೆಗೂ ಸಾಮಾನ್ಯವಾಗಿ ಉಪ್ಪು ಹಾಕಿರುತ್ತಾರೆ. ಹಸಿ ಹಣ್ಣಿನ ಸಿಪ್ಪೆ ತನ್ನಿ. ಎಂಟು ಹತ್ತು ಹಣ್ಣಿನ ಸಿಪ್ಪೆಯನ್ನು 200 ಮಿಲಿ ಬಿಸಿ ನೀರಲ್ಲಿ ಒಂದು ಗಂಟೆ ನೆನೆಸಿ ಕಿವುಚಿ ಸೋಸಿ. ಆ ರಸವನ್ನು ಪಿಷ್ಟದ ಜೊತೆ ಕುದಿಸಲೇಬೇಡಿ, ಅಷ್ಟು ಹುಳಿಗೆ ಯಾವ ಪಿಷ್ಟವೂ ನಿಲ್ಲುವುದಿಲ್ಲ. ಬೇರೆ ಪಾತ್ರೆಯಲ್ಲಿ 300 ಮಿಲಿ ನೀರು, 60 ಗ್ರಾಂ ಬೆಲ್ಲ ಅಥವಾ ಸಕ್ಕರೆ, 22 ಗ್ರಾಂ ಕೂವೆ ಹುಡಿ ಸೇರಿಸಿ ತಿಳಿಯಾಗುವ ತನಕ ಕಾಯಿಸಿ. ಕೆಳಗಿಳಿಸಿ ಐದು ನಿಮಿಷ ಬಿಟ್ಟು ರಸ ಬೆರೆಸಿ. ಬೆಲ್ಲ ಹಾಕಿದರೆ ಬಣ್ಣ ಮಣ್ಣು ಮಣ್ಣಾಗುತ್ತದೆ, ಸಕ್ಕರೆ ಹಾಕಿದರೆ ದಾಸವಾಳದ ಕೆಂಪು. ಐದು ವರ್ಷದವರು ಕಣ್ಣಲ್ಲೇ ಅರ್ಧ ಕುಡಿಯುತ್ತಾರೆ. ಇಲ್ಲಿ ನಾನು ಸಕ್ಕರೆಯ ಪರ.

ಕವಳಿ ಹಣ್ಣು ಪೂರ್ತಿ ಕಪ್ಪಾಗಿರಬೇಕು. ಅರೆಗಾಯಿಯಲ್ಲಿ ಹಾಲಿನಂಥ ಅಂಟು ಇರುತ್ತದೆ. ತುಟಿಗೂ ಅಂಟುತ್ತದೆ, ಜರಡಿಗೂ ಅಂಟುತ್ತದೆ. ತೊಟ್ಟು ಕಿತ್ತು ಅರ್ಧ ಗಂಟೆ ನೀರಲ್ಲಿ ಹಾಕಿಟ್ಟು, ಎರಡು ಸಲ ನೀರು ಬದಲಿಸಿದರೆ ಬಹಳಷ್ಟು ಹೋಗುತ್ತದೆ. ಬೀಜ ಚಪ್ಪಟೆ, ಜರಡಿಯಲ್ಲಿ ನಿಲ್ಲುತ್ತದೆ. ಮಿಕ್ಸಿಗೆ ಹಾಕಿ ಬೀಜ ಪುಡಿ ಮಾಡಬೇಡಿ.

ಡೊಂಬಿವಲಿ ಡಬ್ಬಿ, ಮುಂಬಯಿ

ನೇರಳೆ ಹಣ್ಣು ಬಿಟ್ಟುಬಿಟ್ಟಿರಿ. ಮೇ ಕೊನೆಯಿಂದ ಮಳೆ ಹಿಡಿಯುವ ಹೊತ್ತಿಗೆ ಬದಲಾಪುರ, ಪಾಲ್ಘರ್ ಕಡೆಯಿಂದ ಬರುತ್ತದೆ. 400 ಗ್ರಾಂ ಹಣ್ಣನ್ನು ಕೈಯಲ್ಲೇ ಹಿಸುಕಿ ಬೀಜ ತೆಗೆಯಿರಿ. ಬೀಜದ ಜೊತೆ ಕುದಿಸಿದರೆ ಒಗರು ಹೆಚ್ಚು. ಬಣ್ಣ ಕೆಡುವುದು ಇಲ್ಲಿ ದೊಡ್ಡ ತಕರಾರು. ನೇರಳೆಯ ಬಣ್ಣ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಬೋರ್‌ವೆಲ್, ಟ್ಯಾಂಕರ್ ಗಡಸು ನೀರಲ್ಲಿ ಮಾಡಿದರೆ ಕೊಚ್ಚೆ ಬಣ್ಣ ಬರುತ್ತದೆ. ಇಳಿಸಿದ ಮೇಲೆ ನಾಲ್ಕೈದು ಹನಿ ನಿಂಬೆರಸ ಬಿದ್ದರೆ ಕಣ್ಣೆದುರೇ ಕೆಂಪಿಗೆ ತಿರುಗುತ್ತದೆ.

ಆಲೂಗಡ್ಡೆ ಪಿಷ್ಟ ಬೇಕೇ ಅನ್ನುವವರಿಗೆ: ಕ್ರಾಫರ್ಡ್ ಮಾರ್ಕೆಟ್‌ನ ಬೇಕಿಂಗ್ ಸಾಮಾನಿನ ಅಂಗಡಿಗಳಲ್ಲಿ, ಪುಣೆಯ ರವಿವಾರ್ ಪೇಟೆಯಲ್ಲಿ ಕೇಳಿ ನೋಡಿ, ಆನ್‌ಲೈನ್‌ನಲ್ಲಂತೂ ಇದೆ. ಪೊಟ್ಟಣದ ಮೇಲೆ ‘ಸ್ಟಾರ್ಚ್’ ಅಂತಿರಬೇಕು. ‘ಪೊಟ್ಯಾಟೋ ಫ್ಲೋರ್’ ಬೇರೆ, ಅದು ಬೇಯಿಸಿ ಒಣಗಿಸಿದ ಇಡೀ ಆಲೂಗಡ್ಡೆಯ ಪುಡಿ, ಕಿಸೆಲ್‌ಗೆ ಹಾಕಿದರೆ ಆಲೂ ಸಾರು ಆಗುತ್ತದೆ. ಮನೆಯಲ್ಲೂ ತೆಗೆಯಬಹುದು: ಹಸಿ ಆಲೂಗಡ್ಡೆ ತುರಿದು, ನೀರಲ್ಲಿ ಕಿವುಚಿ, ಬಟ್ಟೆಯಲ್ಲಿ ಹಿಂಡಿ, ಆ ನೀರು ಅರ್ಧ ಗಂಟೆ ಬಿಟ್ಟರೆ ತಳದಲ್ಲಿ ಬಿಳಿ ಪದರ ಕೂರುತ್ತದೆ. ಮೇಲಿನ ಕೆಂಪು ನೀರು ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ಕೂರಿಸಿ, ಎರಡು ಮೂರು ಸಲ ಹೀಗೆ ಮಾಡಿ ತಟ್ಟೆಯಲ್ಲಿ ಹರಡಿ ಒಣಗಿಸಿ. ಕೂವೆ ಹುಡಿ ತೆಗೆಯುವ ಕ್ರಮವೇ. ಒಂದು ಕಿಲೋಗೆ 100 ಗ್ರಾಂ ಒಳಗೇ ಸಿಗುತ್ತದೆ. ಮುಂಬಯಿ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಒಣಗುವ ಮೊದಲೇ ಹುಳಿ ವಾಸನೆ ಬರುತ್ತದೆ.

ಕೋಥ್ರೂಡ್ ಕನ್ನಡತಿ

ನಾಲ್ಕನೇ ಸಲ ಮಾಡಿದ್ದು ಸರಿಯಾಯಿತು. ಸೋಸಿ, ಅಳೆದು, 18 ಗ್ರಾಂ ಕಾರ್ನ್‌ಫ್ಲೋರ್, ಒಂದೂವರೆ ನಿಮಿಷ, ಮಿಕ್ಸಿ ಇಲ್ಲ. ತಟ್ಟೆಯ ಗೆರೆ ನಿಧಾನಕ್ಕೆ ಮುಚ್ಚಿತು. ಎಲ್ಲರಿಗೂ ಮನಸಾರೆ ಧನ್ಯವಾದ.

ಇನ್ನು ಮೂರು ಕೇಳುವುದಿದೆ. ಹದಿನಾಲ್ಕು ತಿಂಗಳ ಮಗುವಿಗೆ ಹೇಗೆ ಕೊಡಬೇಕು? ಹಾಪುಸ್ ಬಂದ ಮೇಲೆ ಮಾವಿನ ಕಿಸೆಲ್ ಹಾಲಿನಲ್ಲಿ ಮಾಡಬಹುದೇ? ಮತ್ತು ಮೇಲೆ ಕಟ್ಟುವ ರಬ್ಬರಿನಂಥ ಕೆನೆ ತಡೆಯುವುದು ಹೇಗೆ?

ಡೊಂಬಿವಲಿ ಡಬ್ಬಿ

ಚಿಕ್ಕವರ ವಿಷಯ ನಾನು ಹೇಳುತ್ತೇನೆ, ಇದರಲ್ಲಿ ಸಡಿಲ ಬಿಡಬಾರದು.

ಎರಡು ವರ್ಷದೊಳಗಿನವರಿಗೆ ಸಕ್ಕರೆ, ಬೆಲ್ಲ ಎರಡೂ ಸೇರಿಸಬೇಡಿ. ಹಾಗಾಗಿ ಹುಳಿ ಹಣ್ಣಿನ ಕಿಸೆಲ್ ಅವರಿಗೆ ಹೊಂದುವುದಿಲ್ಲ. ಚಿಕ್ಕು, ಮಾವು, ಬೇಯಿಸಿದ ಸೇಬು, ಪೇರು, ಇವುಗಳ ಸಿಹಿಯೇ ಸಾಕು. ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆಯಲ್ಲಿ ಎರಡು ವರ್ಷದ ತನಕ ಹಣ್ಣಿನ ರಸವೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ 125 ಮಿಲಿ ಮಿತಿ ಅಂತಿದೆ. ಸೋಸಿದ ರಸದ ಕಿಸೆಲ್ ಕೂಡ ರಸವೇ. ಆದ್ದರಿಂದ ನಿಮ್ಮ ಚಿಕ್ಕವಳಿಗೆ ಸೋಸದೆ, ತಿರುಳು ಸಮೇತ ನುಣ್ಣಗೆ ಮಾಡಿದ ಹಣ್ಣು, ಅದಕ್ಕೆ ಚಿಟಿಕೆ ಪಿಷ್ಟ, ಚಮಚದ ಹದ. ಮೂರು ನಾಲ್ಕು ಚಮಚ ಸಾಕು, ಊಟದ ಬದಲಿಗೆ ಅಲ್ಲ. ಪಿಷ್ಟ ಹೊಟ್ಟೆ ತುಂಬಿಸುತ್ತದೆ, ಬೇರೇನೂ ಕೊಡುವುದಿಲ್ಲ.

ಒಂದು ವರ್ಷದೊಳಗಿನ ಮಗುವಿಗೆ ಜೇನು ಒಂದು ಹನಿಯೂ ಇಲ್ಲ. ಅದರಲ್ಲಿ ಬೊಟುಲಿಸಂ ತರುವ ಬೀಜಕಣ ಇರಬಹುದು, ಮನೆಯ ಕುದಿಗೆ ಅವು ಸಾಯುವುದಿಲ್ಲ. ನಿಮ್ಮವಳು ಆ ವಯಸ್ಸು ದಾಟಿದ್ದಾಳೆ, ಓದುವ ಬೇರೆಯವರಿಗಾಗಿ ಬರೆದೆ.

ಅಲಂಕಾರಕ್ಕೆ ಅಂತ ಇಡೀ ದ್ರಾಕ್ಷಿ, ಚೆರಿ, ದೊಡ್ಡ ಸಾಬುದಾಣಿ ಹಾಕಬೇಡಿ. ಮಂದ ಪಾನೀಯದ ಒಳಗೆ ಉರುಟು ವಸ್ತು ಕಾಣುವುದಿಲ್ಲ, ಜಾರಿ ಗಂಟಲಿಗೆ ಹೋಗುತ್ತದೆ. ದ್ರಾಕ್ಷಿ ಬೇಕಾದರೆ ಉದ್ದಕ್ಕೆ ನಾಲ್ಕು ಸೀಳು ಮಾಡಿ ಹಾಕಿ. ಬಿಸಿಯ ಬಗ್ಗೆ ಎಚ್ಚರ: ಮಂದ ಪದಾರ್ಥ ಮೇಲೆ ಆರಿದಂತೆ ಕಂಡರೂ ನಡುವೆ ಸುಡುತ್ತಿರುತ್ತದೆ. ತಳದಿಂದ ತಿರುವಿ ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ನೋಡಿ. ನುಂಗಲು ತೊಂದರೆ ಇರುವ ಮಗುವಿಗಾದರೆ ಎಷ್ಟು ಮಂದ ಅನ್ನುವುದನ್ನು ವೈದ್ಯರೇ ಹೇಳಬೇಕು. ಭೇದಿ ಆದಾಗ ಕೂವೆ ಗಂಜಿಯೋ ಕಿಸೆಲೋ ಕೊಟ್ಟು ಓಆರ್‌ಎಸ್ ಬಿಡಬೇಡಿ. ಅದರ ಕೆಲಸ ಇದು ಮಾಡುವುದಿಲ್ಲ.

ಮಾಟುಂಗಾ ಒಲೆ

ಮಾವಿನದ್ದು ನನಗೆ ಬಿಡಿ.

ಹಾಪುಸ್ ಕುದಿಸಿದರೆ ಪರಿಮಳ ಹೋಗ್ತದೆ, ಬೇಯಿಸಿದ ಹಣ್ಣಿನ ವಾಸನೆ ಬರ್ತದೆ. ಅದಕ್ಕೆ ಪಿಷ್ಟ ಒಂದು ಕಡೆ ಬೇಯಲಿ, ಹಣ್ಣು ಕೊನೆಗೆ ಸೇರಲಿ. 300 ಮಿಲಿ ಹಾಲಿಗೆ 9–10 ಗ್ರಾಂ ಕಾರ್ನ್‌ಫ್ಲೋರ್ ಸಾಕು, ಯಾಕಂದರೆ ತಿರುಳೇ ಮಂದ. ಹಾಲು ಕುದಿಸಿ ಮಂದ ಮಾಡಿ, ಕೆಳಗಿಳಿಸಿ, ಪಾತ್ರೆಯ ಹೊರಗೆ ಕೈ ಇಟ್ಟರೆ ಸುಡದಷ್ಟು ಆರಲಿ. ಆಮೇಲೆ ಸೋಸಿದ 200 ಗ್ರಾಂ ತಿರುಳು, ಎರಡು ಮೂರು ಕಂತಿನಲ್ಲಿ. ಕುದಿಯುವ ಹಾಲಿಗೆ ಹಾಕಿದರೆ ಹುಳಿ ಇರುವ ಹಣ್ಣು ಹಾಲು ಒಡೆಯುತ್ತದೆ. ನಾರಿರುವ ಜಾತಿಯಾದರೆ ಜರಡಿ ಹಿಡಿಯಲೇಬೇಕು. ಡಬ್ಬಿಯ ತಿರುಳಾದರೆ ಅದರಲ್ಲಿ ಸಕ್ಕರೆ ಸೇರಿರುವುದೇ ಹೆಚ್ಚು, ಲೇಬಲ್ ನೋಡಿ. ಚಿಕ್ಕವಳಿಗೆ ಅದು ಬೇಡ. ಸ್ಟ್ರಾಬೆರಿ, ಪುನರ್ಪುಳಿ, ಕವಳಿ ಇವಕ್ಕೆ ಹಾಲಿನ ಯೋಚನೆಯೇ ಬೇಡ.

ಅನಾನಸು ಯಾರಾದರೂ ಕೇಳುವ ಮೊದಲೇ ಹೇಳಿಬಿಡುವ. ಅದರ ಕಿಣ್ವ ಪ್ರೋಟೀನ್ ತಿನ್ನುವಂಥದ್ದು, ಪಿಷ್ಟವನ್ನಲ್ಲ. ಜೆಲಾಟಿನ್ ಜೆಲ್ಲಿ ಹಸಿ ಅನಾನಸಿಗೆ ಗಟ್ಟಿಯಾಗುವುದಿಲ್ಲ, ಕಿಸೆಲ್ ಆಗ್ತದೆ. ಹಾಲಿಗೆ ಹಸಿ ಅನಾನಸು ಹಾಕಿದರೆ ಮಾತ್ರ ಕಹಿ.

ಕೆನೆ ಕಟ್ಟುವುದು ಮೇಲಿನ ನೀರು ಆರಿ ಹೋಗುವುದರಿಂದ. ಬಿಸಿ ಇರುವಾಗಲೇ ಲೋಟಗಳಿಗೆ ಸುರಿದು ಮೇಲೆ ಅರ್ಧ ಸಣ್ಣ ಚಮಚ ಸಕ್ಕರೆ ಉದುರಿಸಿ. ರಷ್ಯಾದಲ್ಲೂ ಹಾಗೇ ಮಾಡುತ್ತಾರೆ. ಸಕ್ಕರೆ ಬೇಡದವರು ಬಟರ್ ಪೇಪರನ್ನು ಮೈಗೆ ತಾಗುವ ಹಾಗೆ ಮುಚ್ಚಿ. ಬರೀ ತಟ್ಟೆ ಮುಚ್ಚಿದರೆ ಆವಿಯ ಹನಿ ಬಿದ್ದು ಮೇಲೆ ನೀರಿನ ಗುಳಿ ಆಗ್ತದೆ. ಆಗಾಗ ತಿರುವಿ ಆರಿಸುವುದೂ ಒಂದು ದಾರಿ, ಆದರೆ ಮೆಲ್ಲಗೆ.

ಹಿಂಜವಡಿ ಹುಬ್ಬಳ್ಳಿ

ಇಡೂದರ ಬಗ್ಗೆ ಎರಡು ಮಾತು. ಮಾರ್ಚದಾಗ ನಮ್ಮ ಅಡಗಿಮನಿ ಸೆಕಿಯೊಳಗ ಎರಡು ತಾಸಿನ ಮ್ಯಾಲ ಹೊರಗ ಇಡಬ್ಯಾಡ್ರಿ. ಫ್ರಿಜ್‌ನ್ಯಾಗ ಒಂದು ದಿನ. ಎರಡನೇ ದಿನಕ್ಕ ಕಾರ್ನ್‌ಫ್ಲೋರಿಂದು ಗಟ್ಟಿಯಾಗಿ ಸುತ್ತಲೂ ನೀರು ಬಿಡ್ತದ. ಅದು ಕೆಟ್ಟದ್ದಲ್ಲ, ಪಿಷ್ಟ ತನ್ನೊಳಗಿನ ನೀರು ಹೊರಗ ನೂಕತದ, ಆದ್ರ ರುಚಿ ಇರೂದಿಲ್ಲ. ಫ್ರೀಜರಿಗಂತೂ ಬ್ಯಾಡ. ಕರಗಿದ ಮ್ಯಾಲ ಒಂದು ಕಡೆ ಸ್ಪಂಜು, ಒಂದು ಕಡೆ ನೀರು.

ಶಾಲಿ ಡಬ್ಬಿಗೆ ಕಳಸಬ್ಯಾಡ್ರಿ. ಮನಿಯೊಳಗ ಕುಡಿಯೂ ಪದಾರ್ಥ ಇದು.

ಏಕಾದಶಿ, ಚತುರ್ಥಿ ಉಪವಾಸ ಹಿಡಿಯೂ ಮನಿಯೊಳಗ ಕಾರ್ನ್‌ಫ್ಲೋರ್ ನಡಿಯೂದಿಲ್ಲ ಅಂದ್ರ ತವಕೀರ್ ಇಲ್ಲಾ ಆಲೂಗಡ್ಡಿ ಪಿಷ್ಟ ಹಾಕ್ರಿ, ಎರಡೂ ಫರಾಳಕ್ಕ ನಡೀತಾವ.

ಕೋಥ್ರೂಡ್ ಕನ್ನಡತಿ

ಕೊನೆಯದೊಂದು. ಫ್ರಿಜ್‌ನಲ್ಲಿಟ್ಟದ್ದನ್ನು ಮತ್ತೆ ಬಿಸಿ ಮಾಡಬಹುದೇ? ದೊಡ್ಡವನಿಗೆ ನೆಗಡಿ ಇದ್ದಾಗ ತಣ್ಣಗಿನದು ಕೊಡಲು ಮನಸ್ಸಿಲ್ಲ.

ಮಡಗಾಂವ್ ಪುನರ್ಪುಳಿ

ಮಾಡಬಹುದು, ನೇರ ಒಲೆಯ ಮೇಲೆ ಬೇಡ. ತಳ ಹಿಡಿಯುತ್ತದೆ, ಕುದಿ ಬಂದರೆ ಮತ್ತೆ ತೆಳ್ಳಗಾಗುತ್ತದೆ. ಆ ಹೊತ್ತಿಗೆ ಬೇಕಾದ ಒಂದು ಲೋಟದಷ್ಟು ಮಾತ್ರ ಬಟ್ಟಲಿಗೆ ತೆಗೆದು, ಬಟ್ಟಲನ್ನು ಬಿಸಿ ನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಡಿ, ನಡುವೆ ಎರಡು ಸಲ ತಳದಿಂದ ತಿರುವಿ. ಕೂವೆಯದ್ದು ಹೀಗೆ ಬೆಚ್ಚಗೆ ಮಾಡಿದ ಮೇಲೆ ಮೊದಲಿನಷ್ಟು ಮಂದ ಇರುವುದಿಲ್ಲ, ಕಾರ್ನ್‌ಫ್ಲೋರಿನದ್ದು ಉಳಿಯುತ್ತದೆ. ಬೆಚ್ಚಗೆ ಕೊಡುವುದೇ ಆದರೆ ಮೊದಲೇ ಚಮಚದ ಹದಕ್ಕೆ ಮಾಡಿಟ್ಟುಕೊಳ್ಳಿ. ಬಿಸಿಯಾದಾಗ ಅದು ತಾನಾಗಿ ಕುಡಿಯುವ ಹದಕ್ಕೆ ಬರುತ್ತದೆ.